ಅಂಜೂರದ ಒಳಗೇನಿದೆ?

ಅಂಜೂರವು ಹೂವಿಲ್ಲದೆ ಕಾಯಾಗುವ ಮರವೆಂದು ನಮ್ಮ ಸೀಮೆಯ ಹಿರಿಯರು ಹೇಳುವುದುಂಟು. ವಾಸ್ತವವಾಗಿ ನಾವು ಹಣ್ಣೆಂದು ತಿನ್ನುವುದೇ ಅದರ ಹೂಗೊಂಚಲು. ಅದು ಚೀಲದಂತೆ ಒಳಮುಖವಾಗಿ ಮಡಿಚಿಕೊಂಡಿರುವುದರಿಂದ ನೂರಾರು ಸಣ್ಣ ಹೂಗಳು ಒಳಗೇ ಅರಳಿ ಒಳಗೇ ಮಾಗುತ್ತವೆ. ತುದಿಯಲ್ಲಿರುವ ಕಿರಿದಾದ ಕಣ್ಣೊಂದೇ ಹೊರಪ್ರಪಂಚಕ್ಕೆ ಬಾಗಿಲು. ಈ ಬಾಗಿಲ ವಿಷಯವಾಗಿ ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು.

ನಮ್ಮದು ರಾಯದುರ್ಗದ ಬಳಿಯ ಒಂದು ಹಳ್ಳಿ. 1953ರ ಅಕ್ಟೋಬರ್ 1ರಂದು ಹಳೆಯ ಬಳ್ಳಾರಿ ಜಿಲ್ಲೆ ಹೋಳಾಗಿ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಆದರೆ ನೆಂಟಸ್ತಿಕೆಗಾಗಲಿ ಗಿಡಗಳಿಗಾಗಲಿ ಗಡಿಯ ಕಲ್ಲು ಅಡ್ಡಬರಲಿಲ್ಲ. ನಮ್ಮ ತಂದೆಯವರು 1991ರಲ್ಲಿ ಬಳ್ಳಾರಿ ಕಡೆಯ ಬೀಗರ ತೋಟದಿಂದ ಅಂಜೂರದ ಕಡ್ಡಿಗಳನ್ನು ಒದ್ದೆಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದು ಹಿತ್ತಲಿನ ಕೆಮ್ಮಣ್ಣಿನಲ್ಲಿ ನೆಟ್ಟರು. ಬೆರಳು ದಪ್ಪದ, ಗೇಣುದ್ದದ ಬಲಿತ ಕಡ್ಡಿಯಾದರೆ ಸಾಕು, ಬೇರು ಬಿಡುತ್ತದೆ. ಒಣಹವೆಯನ್ನು ಸಹಿಸುವ ಈ ಗಿಡ ಬುಡದಲ್ಲಿ ನಿಂತ ನೀರನ್ನು ಸಹಿಸದು. ಹೊಸ ಚಿಗುರಿನಲ್ಲೇ ಕಾಯಿ ಹೆಚ್ಚಾಗಿ ಕಚ್ಚುವುದರಿಂದ ವರ್ಷಕ್ಕೊಮ್ಮೆ ಕೊಂಬೆ ಸವರಲೇಬೇಕು. ಕನಿಕರಪಟ್ಟು ಬಿಟ್ಟವರಿಗೆ ಸೊಪ್ಪು ಸಿಗುವುದೇ ಹೊರತು ಹಣ್ಣಲ್ಲ. ಮಳೆಗಾಲದ ಹಣ್ಣು ಸಪ್ಪೆಯಾಗಿ ಬಿರಿಯುತ್ತದೆ, ಎಲೆಗೆ ತುಕ್ಕುರೋಗವೂ ತಗಲುತ್ತದೆ. ಬೇಸಿಗೆಯ ಹಣ್ಣಿಗೆ ಮಾತ್ರ ಸಾಟಿಯಿಲ್ಲ. ಕಾಯಾಗಿರುವಾಗ ಕಿತ್ತರೆ ಅದು ಮನೆಯಲ್ಲಿ ಸಿಹಿಯಾಗದು. ಮಾಗಿದ್ದನ್ನು ಕಿತ್ತರೆ ಎರಡು ದಿನ ತಾಳದು. ಆದುದರಿಂದ ತಾಜಾ ಅಂಜೂರದ ರುಚಿ ಮರವಿದ್ದವರ ಮನೆಯದೇ ಸರಿ.

ನಮ್ಮ ತಾಯಿಯವರಿಗೆ ಎಂಬತ್ತು ದಾಟಿದೆ. ದೀರ್ಘಜ್ವರದಿಂದ ಎದ್ದ ಮೇಲೆ ಅನ್ನ ಸೇರುತ್ತಿರಲಿಲ್ಲ, ಮಲಬದ್ಧತೆಯ ಕಾಟ ಬೇರೆ. ಮನಸ್ಸಿಟ್ಟು ತಿನ್ನುತ್ತಿದ್ದುದು ಬೆಳಿಗ್ಗೆ ಎರಡು ಅಂಜೂರ, ಅದೂ ದೇವರ ಮುಂದಿಟ್ಟು ತೆಗೆದದ್ದು. ಹೀಗಿರಲು ಬೆಂಗಳೂರಿನಿಂದ ಬಂದ ಮೊಮ್ಮಗನು ಮೊಬೈಲಿನಲ್ಲಿ ಏನನ್ನೋ ನೋಡಿ, "ಅಜ್ಜಿ, ಅಂಜೂರದೊಳಗೆ ಹುಳ ಸತ್ತಿರುತ್ತದಂತೆ, ಅದು ಮಾಂಸಾಹಾರವಂತೆ" ಎಂದುಬಿಟ್ಟ. ಅಂದಿನಿಂದ ತಾಯಿಯವರು ಹಣ್ಣನ್ನು ಮುಟ್ಟಲಿಲ್ಲ. ತಿನ್ನದಿರುವುದಕ್ಕಿಂತ ಹೆಚ್ಚಾಗಿ ಅವರನ್ನು ಕಾಡಿದ್ದು ಬೇರೆ. "ಇಷ್ಟು ವರ್ಷ ಶಿವನ ಮುಂದೆ ಅದನ್ನ ಇಟ್ಟೆನಲ್ಲಪ್ಪಾ" ಎಂದು ರಾತ್ರಿಯೆಲ್ಲ ಹಲುಬಿದರು. ಐದಾರು ದಿನಗಳಲ್ಲಿ ಮುಖ ಬಾಡಿತು.

ಹುಡುಗ ಹೇಳಿದುದು ಪೂರ್ಣ ಸುಳ್ಳಲ್ಲ. ಅತ್ತಿಹಣ್ಣಿನೊಳಗೆ ಹುಳುಗಳಿರುವುದನ್ನು ಗಡಿಯ ಈಚೆಗೆ ಓದುವ ಪ್ರತಿಯೊಂದು ಮಗುವೂ ವೇಮನನ ಮೇಡಿಹಣ್ಣಿನ ಪದ್ಯದಲ್ಲಿ ಕಲಿತಿರುತ್ತದೆ. ಜೈನ ಬಂಧುಗಳು ಆಲ, ಅರಳಿ, ಅತ್ತಿ ಮೊದಲಾದ ಐದು ಹಣ್ಣುಗಳನ್ನು ವರ್ಜಿಸಿರುವುದೂ ಜೀವಹಿಂಸೆಯ ಭಯದಿಂದಲೇ. ಪುಟ್ಟ ಕಣಜದ ಜಾತಿಯ ಹೆಣ್ಣುಕೀಟ ಆ ಕಣ್ಣಿನ ಮೂಲಕ ತೂರುವಾಗಲೇ ರೆಕ್ಕೆ ಕಳೆದುಕೊಂಡು, ಒಳಗೆ ಹೂಗಳಿಗೆ ಪರಾಗವಿತ್ತು, ಮೊಟ್ಟೆಯಿಟ್ಟು ಸಾಯುತ್ತದೆ. ಅದಿಲ್ಲದೆ ಅತ್ತಿಗೆ ಬೀಜವಿಲ್ಲ. ತುರ್ಕಿಯ ಸ್ಮಿರ್ನಾ ಜಾತಿಯ ಅಂಜೂರಕ್ಕೂ ಇಂಥ ಕೀಟದ ನೆರವು ಬೇಕು. ಆದರೆ ನಮ್ಮ ಬಳ್ಳಾರಿ, ಪುಣೆಯ ಕಡೆ ಬೆಳೆಯುವ ಜಾತಿಗಳು ಪರಾಗವಿಲ್ಲದೆಯೇ ಕಾಯಿ ಕಚ್ಚಿ ಮಾಗುತ್ತವೆ.

ಇದನ್ನು ವಿವರಿಸಿದಾಗ ತಾಯಿಯವರು ಕೇಳಿದ್ದು ಒಂದೇ ಮಾತು: "ನೀ ಕಣ್ಣಾರೆ ನೋಡೀಯೇನು?"

ಮೂವತ್ತು ವರ್ಷ ಪಾಠ ಹೇಳಿದವನಿಗೆ ಇದಕ್ಕಿಂತ ನ್ಯಾಯವಾದ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿದ್ದಿಲ್ಲ. ಶಾಲೆಯ ಭೂತಗನ್ನಡಿ ತಂದು, ಹಳ್ಳದ ದಂಡೆಯ ಅತ್ತಿಹಣ್ಣುಗಳನ್ನೂ ಹಿತ್ತಲಿನ ನಲವತ್ತು ಅಂಜೂರಗಳನ್ನೂ ಅವರೆದುರಿಗೆ ತಟ್ಟೆಯಲ್ಲಿ ಸೀಳಿದೆ. ಅತ್ತಿಯಿಂದ ಕೀಟಗಳು ಹೊರಬಂದು ತಟ್ಟೆಯ ಅಂಚಿನಲ್ಲಿ ಹರಿದಾಡಿದವು. ಅಂಜೂರದಲ್ಲಿ ಕೆಂಪು ಎಳೆಗಳು ಮತ್ತು ಬೀಜದಂಥ ಕಾಳುಗಳ ವಿನಾ ಏನೂ ಇರಲಿಲ್ಲ. ತೀರ ಕಳಿತ ಎರಡರಲ್ಲಿ ಇರುವೆಗಳಿದ್ದವು, ಅವನ್ನೂ ತೋರಿಸಿದೆ.

"ಪ್ಯಾಟೀದು?" ಎಂದರು. ಪೇಟೆಯ ಒಣ ಅಂಜೂರ ಹೆಚ್ಚಾಗಿ ಅಫ್ಘಾನಿಸ್ತಾನದಿಂದ ಬರುವಂಥದು. ಸರದಲ್ಲಿ ಪೋಣಿಸಿದ್ದನ್ನು ನೋಡಿ ಅದರ ಕುಲ ಹೇಳಲಾಗದು ಎಂದೆ. ತಮ್ಮನು ಕಣ್ಸನ್ನೆ ಮಾಡಿ ತಡೆಯಲು ನೋಡಿದ. ವೃದ್ಧರ ಹಿತಕ್ಕೆಂದು ಸುಳ್ಳು ಹೇಳುವ ಪದ್ಧತಿ ನನಗೆ ಎಂದೂ ಹಿಡಿಸಿದ್ದಲ್ಲ. ತಾಯಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನೀದು ತಿಂತೀನಿ, ಪ್ಯಾಟೀದು ಬ್ಯಾಡ. ಹಿಂದಿಂದು ಶಿವನ ಲೆಕ್ಕ" ಎಂದು ಒಂದು ಹೋಳನ್ನು ತೆಗೆದುಕೊಂಡರು.

ಈ ತೀರ್ಮಾನದಿಂದ ನಮ್ಮ ಮನೆಯಲ್ಲಿ ಹಣ್ಣು ಒಣಗಿಸುವ ಕೆಲಸ ಆರಂಭವಾಯಿತು. ಮಾಗಿದ ಹಣ್ಣನ್ನು ಸೀಳಿ ನೋಡಿ, ಬಿದಿರಿನ ಮೊರದಲ್ಲಿ ಹರಡಿ, ತೆಳುಬಟ್ಟೆ ಮುಚ್ಚಿ ಐದಾರು ದಿನ ಬಿಸಿಲಿಗಿಡಬೇಕು. ಇಬ್ಬನಿ ತಾಗದಂತೆ ರಾತ್ರಿ ಒಳಗೆ ತರಬೇಕು. ನಾಲ್ಕು ಕಿಲೋ ಹಣ್ಣಿಗೆ ಸುಮಾರು ಒಂದು ಕಿಲೋ ಉಳಿಯುತ್ತದೆ. ಕೀಳುವಾಗ ತೊಟ್ಟಿನ ಹಾಲು ಚರ್ಮಕ್ಕೆ ತಾಗಿದರೆ ತುರಿಕೆಯಾಗುವುದರಿಂದ ಕೈಗೆ ಬಟ್ಟೆ ಸುತ್ತಿಕೊಳ್ಳುವುದು ಲೇಸು.

ಪಾಯಸ ಮಾಡುವ ಗೃಹಿಣಿಯರು ಗಮನಿಸಬೇಕಾದ ಅಂಶವೊಂದಿದೆ. ಅಂಜೂರದ ರಸಕ್ಕೆ ಹಾಲನ್ನು ಒಡೆಸುವ ಗುಣವಿದೆ. ಹಣ್ಣನ್ನು ಮೊದಲು ತುಪ್ಪದಲ್ಲಿ ಬಾಡಿಸಿ, ಸ್ವಲ್ಪ ನೀರು ಹಾಕಿ ಚೆನ್ನಾಗಿ ಬೇಯಿಸಿದರೆ ಆ ಗುಣ ಅಡಗುತ್ತದೆ. ಅನಂತರ ಬೆಲ್ಲ, ಏಲಕ್ಕಿ ಬೆರೆಸಿ ಕೆಳಗಿಳಿಸಿ, ಆರಿದ ಮೇಲೆ ಕಾಯಿಸಿ ಆರಿಸಿದ ಹಾಲನ್ನು ಸೇರಿಸಬೇಕು. ತಾಯಿಯವರ ಪಾಲಿಗೆ ಬೆಲ್ಲ ಬೇಕಿಲ್ಲ. ರಾತ್ರಿ ನೀರಿನಲ್ಲಿ ನೆನೆಹಾಕಿದ ಎರಡು ಒಣ ಹಣ್ಣುಗಳನ್ನು ಬೆಳಿಗ್ಗೆ ದೇವರ ಮುಂದಿಟ್ಟು, ತಾವೇ ಮತ್ತೊಮ್ಮೆ ಬಿಡಿಸಿ ನೋಡಿ ತಿನ್ನುತ್ತಾರೆ.