ಮುಖಪುಟದ ಮೇಲಿನ ಹೆಸರು

ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ತಗಡಿನ ಪೆಟ್ಟಿಗೆಯೊಂದು ಇದೆಯೇ? ಅದರೊಳಗೆ ಬಾಲ್ಯದ ಚಿತ್ರಕಥೆ ಪುಸ್ತಕಗಳಿವೆಯೇ? ಇದ್ದರೆ, ಅವುಗಳನ್ನು ಅಂತರಜಾಲದಲ್ಲಿ ಮಾರಿ ನಾಲ್ಕು ಕಾಸು ಮಾಡಬಹುದೆಂಬ ಆಲೋಚನೆ ನಿಮಗೆ ಬರುವ ಮುನ್ನ ನನ್ನ ಈ ಅನುಭವವನ್ನು ಓದಿಬಿಡಿ.

ನನ್ನ ತಮ್ಮ ತೀರಿಕೊಂಡ ಮೂರನೆಯ ವರ್ಷ ಅವನ ಹೆಂಡತಿ ಅಂಥದೊಂದು ಪೆಟ್ಟಿಗೆಯನ್ನು ಆಟೋರಿಕ್ಷಾದಲ್ಲಿ ಹಾಕಿಸಿಕೊಂಡು ನಮ್ಮ ಮನೆಗೆ ತಂದಳು. ಒಳಗೆ 112 ಪುಸ್ತಕಗಳು. ಮುಕ್ಕಾಲು ಪಾಲು ಇಂದ್ರಜಾಲ ಕಾಮಿಕ್ಸ್, ಉಳಿದವು ಅಮರ ಚಿತ್ರ ಕಥೆ. ಬೇವಿನ ಎಲೆ, ನುಸಿಗುಳಿಗೆ, ಅಲ್ಲಲ್ಲಿ ಬೆಳ್ಳಿಹುಳು ತಿಂದ ಅಂಚು. ಪ್ರತಿಯೊಂದರ ಮುಖಪುಟದ ಬಲಮೂಲೆಯಲ್ಲಿ ನೀಲಿ ಶಾಯಿಯಲ್ಲಿ ತಮ್ಮನ ಹೆಸರು, ಕೆಳಗೆ ಕೊಂಡ ದಿನಾಂಕ. ಮಗಳ ನರ್ಸಿಂಗ್ ಕಾಲೇಜಿನ ಶುಲ್ಕಕ್ಕೆ ಅವಳಿಗೆ ಹಣ ಬೇಕಾಗಿತ್ತು. “ಗುಜರಿಯವನು ಕಿಲೋಗೆ ಹನ್ನೆರಡು ರೂಪಾಯಿ ಅನ್ನುತ್ತಾನೆ ಭಾವ, ನೀವೇ ಏನಾದರೂ ನೋಡಿ” ಎಂದಳು.

ನನ್ನ ಮಗ ಅರ್ಧ ತಾಸು ಮೊಬೈಲಿನಲ್ಲಿ ಹುಡುಕಾಡಿ, “ಅಪ್ಪಾ, ಇವು ಒಂದು ಲಕ್ಷ ಬಾಳುತ್ತವೆ” ಎಂದು ಘೋಷಿಸಿಬಿಟ್ಟ. ಆ ಲಕ್ಷದ ಲೆಕ್ಕ ಎಲ್ಲಿ ತಪ್ಪಿತೆಂಬುದು ಅರ್ಥವಾಗಲು ನನಗೆ ಹದಿನಾಲ್ಕು ತಿಂಗಳು ಬೇಕಾಯಿತು.

ಈ ಪುಸ್ತಕಗಳ ಪರಿಚಯವಿಲ್ಲದ ಕಿರಿಯರಿಗಾಗಿ ನಾಲ್ಕು ಮಾತು. ಟೈಮ್ಸ್ ಆಫ್ ಇಂಡಿಯಾ ಬಳಗದವರು 1964ರ ಮಾರ್ಚ್‌ನಲ್ಲಿ ಇಂದ್ರಜಾಲ ಕಾಮಿಕ್ಸ್ ಆರಂಭಿಸಿದರು. ಮೊದಲ ಸಂಚಿಕೆಯ ನಾಯಕ ಫ್ಯಾಂಟಮ್, ಬೆಲೆ 60 ಪೈಸೆ. ಮಾಂಡ್ರೇಕ್, ಫ್ಲ್ಯಾಶ್ ಗಾರ್ಡನ್ ಹಿಂದೆಯೇ ಬಂದರು. 1976ರಲ್ಲಿ ಆಬಿದ್ ಸುರತಿಯವರು ಸೃಷ್ಟಿಸಿದ ಬಹಾದ್ದೂರ್ ನಮ್ಮದೇ ನೆಲದ ವೀರನಾಗಿ ಸೇರಿಕೊಂಡ. ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಬಂದ ಈ ಮಾಲೆ ಎಂಟುನೂರರ ಸಂಖ್ಯೆ ದಾಟಿ 1990ರಲ್ಲಿ ನಿಂತಿತು. ಅಮರ ಚಿತ್ರ ಕಥೆಯ ಅನಂತ ಪೈ ನಮ್ಮ ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದವರು. ಆದರೆ ಆ ಹೆಸರಿನ ಮೊದಲ ಪುಸ್ತಕಗಳು ಬಂದದ್ದು ಕನ್ನಡದಲ್ಲಿ, ಬೆಂಗಳೂರಿನಿಂದ, ಇಂಡಿಯಾ ಬುಕ್ ಹೌಸಿನ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ 1965ರಲ್ಲಿ; ಅವೂ ಪಾಶ್ಚಾತ್ಯ ಕಿನ್ನರ ಕಥೆಗಳು! ಪೈಯವರ ‘ಕೃಷ್ಣ’ನ ಸಂಖ್ಯೆ ಒಂದಲ್ಲ, ಹನ್ನೊಂದು ಏಕೆಂಬ ಗುಟ್ಟು ಇಲ್ಲಿದೆ. ಮೊದಲ ಹತ್ತು ಸಂಖ್ಯೆಗಳನ್ನು ಆ ಕಿನ್ನರ ಕಥೆಗಳು ಆಗಲೇ ಹಿಡಿದಿದ್ದವು. ಸಂಗ್ರಾಹಕರು ಜೀವ ಬಿಡುವುದು ಇಂಥ ವಿವರಗಳಿಗೆ. ನಮ್ಮ ಪೆಟ್ಟಿಗೆಯಲ್ಲಿ ಆ ಹತ್ತರಲ್ಲಿ ಒಂದೂ ಇರಲಿಲ್ಲವೆಂಬುದನ್ನು ಈಗಲೇ ಹೇಳಿಬಿಡುತ್ತೇನೆ.

ಲಕ್ಷದ ಲೆಕ್ಕಕ್ಕೆ ಬರೋಣ. ಮಗ ನೋಡಿದ್ದು ಮಾರುವವರು ಕೇಳಿದ ಬೆಲೆಯನ್ನೇ ಹೊರತು ಕೊಳ್ಳುವವರು ಕೊಟ್ಟ ಬೆಲೆಯನ್ನಲ್ಲ. ಎರಡು ಸಾವಿರ ಕೇಳುವ ಪುಸ್ತಕ ಎರಡು ವರ್ಷ ಅಲ್ಲೇ ಕೂತಿರುತ್ತದೆ. ಯಾರು ಬೇಕಾದರೂ ಎಷ್ಟು ಬೇಕಾದರೂ ಕೇಳಬಹುದಲ್ಲ? ಅಮೆರಿಕದಲ್ಲಿ ಇದಕ್ಕೊಂದು ವ್ಯವಸ್ಥೆಯಿದೆ. ಶುಲ್ಕ ಪಡೆದು ಪುಸ್ತಕವನ್ನು ಪರೀಕ್ಷಿಸಿ, ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಕೊಡುವ ಸಂಸ್ಥೆಗಳಿವೆ. 1938ರಲ್ಲಿ ಹತ್ತು ಸೆಂಟಿಗೆ ಮಾರಾಟವಾದ, ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ‘ಆಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯ ಒಂದು ಪ್ರತಿ 2014ರ ಆಗಸ್ಟ್‌ನಲ್ಲಿ ಅಂತರಜಾಲದ ಹರಾಜಿನಲ್ಲಿ 32 ಲಕ್ಷ ಡಾಲರುಗಳಿಗೆ ಹೋಯಿತು. ಆ ಪ್ರತಿಗೆ ದೊರೆತಿದ್ದ ಅಂಕ 9. ನಮ್ಮ ಕನ್ನಡ ಇಂದ್ರಜಾಲಕ್ಕೆ ಅಂಕ ಕೊಡುವವರು ಯಾರು? ಮಾರುವವನ ಮಾತು, ಕೊಳ್ಳುವವನ ನಂಬಿಕೆ, ನಡುವೆ ಮೊಬೈಲಿನ ನಾಲ್ಕು ಛಾಯಾಚಿತ್ರ. ಇಷ್ಟರ ಮೇಲೆ ಇಡೀ ವ್ಯವಹಾರ ನಿಂತಿದೆ.

ಹಿಂದೆ ಇಬೇ ಸಂಸ್ಥೆಯ ಭಾರತೀಯ ತಾಣವಿತ್ತು. ಕೊಂಡವನ ಹಣವನ್ನು ತಡೆದಿರಿಸಿಕೊಂಡು, ವಸ್ತು ಕೈಸೇರಿದ ಮೇಲೆ ಮಾರಿದವನಿಗೆ ದಾಟಿಸುವ ಏರ್ಪಾಡು ಅಲ್ಲಿತ್ತು. 2018ರ ಆಗಸ್ಟ್‌ನಲ್ಲಿ ಅದು ಮುಚ್ಚಿತು. ನಾನು ಈ ಕಣಕ್ಕಿಳಿಯುವ ಹೊತ್ತಿಗೆ ವ್ಯಾಪಾರವೆಲ್ಲ ಫೇಸ್‌ಬುಕ್, ವಾಟ್ಸಾಪ್ ಬಳಗಗಳಿಗೆ ಹರಿದುಹೋಗಿತ್ತು. ಅಲ್ಲಿ ಹಣ ಮೊದಲೋ ಪುಸ್ತಕ ಮೊದಲೋ ಎಂಬುದು ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂಬಷ್ಟೇ ಜಟಿಲವಾದ ಪ್ರಶ್ನೆ.

ಮೊದಲ ವಾರವೇ ಒಬ್ಬ ಮಹನೀಯರು ಕರೆ ಮಾಡಿ, ತಾವು ಸೈನ್ಯದಲ್ಲಿದ್ದೇವೆ, ಎಲ್ಲ ಪುಸ್ತಕಗಳನ್ನೂ ಕೇಳಿದ ಬೆಲೆಗೇ ಕೊಳ್ಳುತ್ತೇವೆ ಎಂದರು. ಚೌಕಾಸಿಯಿಲ್ಲದ ಗಿರಾಕಿ! ನಾನು ಉಬ್ಬಿಹೋದೆ. ಅವರು ಚೌಕುಳಿಯ ಚಿತ್ರವೊಂದನ್ನು ಕಳುಹಿಸಿ, “ಇದನ್ನು ಸ್ಕ್ಯಾನ್ ಮಾಡಿ ನಿಮ್ಮ ಗುಪ್ತ ಸಂಖ್ಯೆ ಒತ್ತಿ, ಹಣ ನಿಮ್ಮ ಖಾತೆಗೆ ಬರುತ್ತದೆ” ಎಂದರು. ಸಂಖ್ಯೆ ಒತ್ತಲು ಬೆರಳು ಚಾಚಿದ್ದಾಗ ಹಿಂದಿನಿಂದ ಮಗ ಕೂಗಿಕೊಂಡ. ಓದುಗರೇ, ನಿಮ್ಮ ಮನೆಯ ಹಿರಿಯರಿಗೆಲ್ಲ ಇದನ್ನು ತಪ್ಪದೆ ತಿಳಿಸಿ: ಯುಪಿಐಯಲ್ಲಿ ಹಣ ಪಡೆಯುವವನು ಏನನ್ನೂ ಸ್ಕ್ಯಾನ್ ಮಾಡಬೇಕಿಲ್ಲ, ಗುಪ್ತ ಸಂಖ್ಯೆ ಒತ್ತಬೇಕಿಲ್ಲ. ಒತ್ತಿದರೆ ಹಣ ಹೋಗುತ್ತದೆ, ಬರುವುದಿಲ್ಲ. ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ದುಡಿದ ನಾನೇ ಬೆರಳು ಚಾಚಿದ್ದೆನೆಂದರೆ ಉಳಿದವರ ಪಾಡೇನು?

ಇನ್ನು ನಿಜವಾದ ಗಿರಾಕಿಗಳು. “ಇದೆಯಾ?” ಎಂದು ಕೇಳಿ, ಇದೆ ಎಂದರೆ ಮಾಯವಾಗುವವರು ಹತ್ತರಲ್ಲಿ ಏಳು ಮಂದಿ. “ಲಾಸ್ಟ್ ಪ್ರೈಸ್?” ಎಂಬ ಎರಡೇ ಪದಗಳಲ್ಲಿ ಮಾತುಕತೆ ಮುಗಿಸುವವರು ಇಬ್ಬರು. ಒಬ್ಬಾತ ಮೂವತ್ತೆರಡು ಪುಟಗಳ ಚಿತ್ರವನ್ನೂ ಸ್ಪಷ್ಟವಾಗಿ ತೆಗೆದು ಕಳುಹಿಸಿ, ಯಾವ ಪುಟವೂ ಹರಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು ಎಂದ. ಎರಡು ಸಂಜೆ ಕೂತು ಕಳುಹಿಸಿದೆ. ಆಮೇಲೆ ಆತ ಬೇಡವೆಂದ. ಓದಲು ಪುಸ್ತಕ ಸಿಕ್ಕಿತಲ್ಲ, ಕೊಳ್ಳುವುದೇಕೆ?

ಸಂಖ್ಯೆಗಳ ಸಾಲು ಪೂರ್ತಿಯಾಗಿದ್ದರೆ ಬೆಲೆ ಹೆಚ್ಚೆಂದು ಯಾರೋ ಹೇಳಿದರೆಂದು, ನಡುವೆ ತಪ್ಪಿಹೋಗಿದ್ದ ಒಂದು ಸಂಚಿಕೆಯನ್ನು ನಾನೇ 650 ರೂಪಾಯಿ ಕೊಟ್ಟು ಕೊಂಡೆ. ಬಂದದ್ದು ಕನ್ನಡ ಮುಖಪುಟದ ಬಣ್ಣದ ನೆರಳಚ್ಚು, ಒಳಗೆ ಇಂಗ್ಲಿಷ್ ಪ್ರತಿ! ಮಾರಿದವನ ಫೋನು ಅಂದಿನಿಂದ ‘ವ್ಯಾಪ್ತಿ ಪ್ರದೇಶದ ಹೊರಗೆ’ ಇದೆ.

ಕಳುಹಿಸುವ ಕಷ್ಟವನ್ನು ಹೇಳದಿದ್ದರೆ ಅಂಚೆಯಣ್ಣನಿಗೆ ಅನ್ಯಾಯವಾದೀತು. ಕರಾವಳಿಯ ಮಳೆಗಾಲದಲ್ಲಿ ನಲವತ್ತೈದು ವರ್ಷ ಹಳೆಯ ಕಾಗದವನ್ನು ಊರು ದಾಟಿಸುವುದೆಂದರೆ ಕೂಸನ್ನು ಹೊಳೆ ದಾಟಿಸಿದಂತೆ. ಮೊದಲು ಪ್ಲಾಸ್ಟಿಕ್ ಚೀಲ, ಹಿಂದೆ ಮುಂದೆ ಪುಸ್ತಕಕ್ಕಿಂತ ಒಂದಿಂಚು ದೊಡ್ಡ ರಟ್ಟು, ಮೂಲೆಗಳಿಗೆ ಮಡಿಸಿದ ಕಾಗದ, ಮೇಲೆ ಇನ್ನೊಂದು ಪ್ಲಾಸ್ಟಿಕ್. ಅಂಟುಪಟ್ಟಿ ಎಂದೂ ಪುಸ್ತಕಕ್ಕೆ ತಾಗಬಾರದು. ಒಮ್ಮೆ ತಾಗಿತೆಂದರೆ ಬಿಡಿಸುವಾಗ ಫ್ಯಾಂಟಮನ ಮುಖವೂ ಜೊತೆಗೆ ಬರುತ್ತದೆ. ಮುದ್ರಿತ ಪುಸ್ತಕಗಳಿಗೆಂದೇ ಅಂಚೆಯಲ್ಲಿದ್ದ ಅಗ್ಗದ ನೋಂದಾಯಿತ ದರ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. ಮರುವರ್ಷ ನೋಂದಾಯಿತ ಅಂಚೆಯೇ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಯಿತು. ನೂರೈವತ್ತು ರೂಪಾಯಿಯ ಪುಸ್ತಕವನ್ನು ಕಳುಹಿಸುವ ಖರ್ಚು ಯಾರ ತಲೆಗೆಂಬ ವಾದದಲ್ಲೇ ಎಷ್ಟೋ ವ್ಯಾಪಾರಗಳು ಮುರಿದವು.

ಇವೆಲ್ಲ ಇತರರು ಕೊಟ್ಟ ಕಷ್ಟಗಳು. ನಾನು ಮಾಡಿದ್ದನ್ನೂ ಹೇಳಬೇಕು.

ಹೆಸರು ಬರೆದ ಪ್ರತಿಗೆ ಬೆಲೆ ಕಡಿಮೆ. ಹೆಸರಿಲ್ಲ, ಮೊಹರಿಲ್ಲ, ಕೂಪನ್ ಕತ್ತರಿಸಿಲ್ಲ, ಪಿನ್ನು ತುಕ್ಕು ಹಿಡಿದಿಲ್ಲ ಎಂದು ಒಳ್ಳೆಯ ಮಾರಾಟಗಾರರು ಹೆಮ್ಮೆಯಿಂದ ಬರೆಯುತ್ತಾರೆ. ನನ್ನ 112 ಪುಸ್ತಕಗಳಲ್ಲಿ ಅಷ್ಟಕ್ಕೂ ಹೆಸರಿತ್ತು. ಪ್ರತಿ ಗಿರಾಕಿಯೂ ಅದನ್ನೇ ತೋರಿಸಿ ನೂರು, ಇನ್ನೂರು ಇಳಿಸುತ್ತಿದ್ದ. ಹುಬ್ಬಳ್ಳಿಯ ನಿವೃತ್ತ ಸದ್ಗೃಹಸ್ಥರೊಬ್ಬರು ಬಹಾದ್ದೂರನ ಒಂದು ಸಂಚಿಕೆಯನ್ನು ಬಹಳ ದಿನಗಳಿಂದ ಹುಡುಕುತ್ತಿದ್ದರು. ನಮ್ಮಲ್ಲಿದ್ದ ಪ್ರತಿ ಹೆಸರೊಂದನ್ನು ಬಿಟ್ಟರೆ ಹೊಸದರಂತಿತ್ತು. ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಶಾಯಿ ಅಳಿಸುವ ರಬ್ಬರು ಹಿಡಿದು ಕುಳಿತೆ. ಶಾಯಿಯ ಜೊತೆಗೆ ಮುಖಪುಟದ ಕೆಂಪು ಬಣ್ಣವೂ ಎದ್ದು ಬಂದು, ನಾಲ್ಕಾಣೆ ಅಗಲದ ಬಿಳಿ ಕಲೆ ಉಳಿಯಿತು. ಗಾಬರಿಯಾಯಿತು. ಮೊಮ್ಮಗನ ಬಣ್ಣದ ಪೆನ್ಸಿಲ್ ತಂದು ನಯವಾಗಿ ತೀಡಿದೆ. ಟ್ಯೂಬ್‌ಲೈಟಿನ ಮಂದ ಬೆಳಕಿನಲ್ಲಿ, ಆ ಮೂಲೆ ಸ್ವಲ್ಪ ನೆರಳಿಗೆ ಬರುವಂತೆ ಚಿತ್ರ ತೆಗೆದು ಕಳುಹಿಸಿದೆ. ಅವರು ಮರುಮಾತಿಲ್ಲದೆ 900 ರೂಪಾಯಿ ಮುಂಗಡವಾಗಿಯೇ ಹಾಕಿದರು.

ಆರನೆಯ ದಿನ ಅವರ ಕರೆ ಬಂತು. ಧ್ವನಿಯಲ್ಲಿ ಕೋಪವಿರಲಿಲ್ಲ.

“ಬಲಮೂಲೆಗೆ ಬಣ್ಣ ಹಚ್ಚೀರಿ, ಅಲ್ಲೇನ್ರಿ?”

ಇಲ್ಲವೆನ್ನಲು ನಾಲಿಗೆ ಏಳಲಿಲ್ಲ. ಹೌದೆಂದೆ. ಅಲ್ಲಿ ಏನಿತ್ತೆಂದು ಕೇಳಿದರು. ತೀರಿಹೋದ ನನ್ನ ತಮ್ಮನ ಹೆಸರಿತ್ತು ಎಂದೆ. ಆ ಕಡೆ ಬಹಳ ಹೊತ್ತು ಮಾತಿಲ್ಲ.

“ಹೆಸರಿದ್ದರ ನೂರು ರೂಪಾಯಿ ಕಡಿಮಿ ಕೊಡತಿದ್ದೆ, ಅಷ್ಟs ಆಗತಿತ್ತು. ಈಗ ನಿಮ್ಮ ಉಳಿದ ಪುಸ್ತಕ ನಂಬೂದು ಹ್ಯಾಂಗ?”

ನನಗೆ ಆಗ ತಿಳಿದಿರಲಿಲ್ಲ; ಈ ವ್ಯಾಪಾರದಲ್ಲಿ ಮೂಲದ ದೋಷಕ್ಕಿಂತ ತಿದ್ದಿದ ದೋಷವೇ ದೊಡ್ಡದು. ಅಂಕ ಕೊಡುವ ಅಮೆರಿಕದ ಪ್ರಮುಖ ಸಂಸ್ಥೆ, ಬಣ್ಣ ಹಚ್ಚಿ ತುಂಡು ಸೇರಿಸಿ ಸರಿಪಡಿಸಿದ ಪ್ರತಿಗಳಿಗೆ ನೇರಳೆ ಬಣ್ಣದ ಬೇರೆಯೇ ಚೀಟಿ ಅಂಟಿಸುತ್ತದೆ, ದೂರದಿಂದಲೇ ಗೊತ್ತಾಗಲೆಂದು. ಆದರೆ ತಿಳಿದಿರಲಿಲ್ಲ ಎನ್ನುವುದು ನನ್ನ ಸಮರ್ಥನೆಯಾಗಲಾರದು. ಚಿತ್ರ ತೆಗೆಯುವಾಗ ಮೂಲೆಯನ್ನು ನೆರಳಿಗೆ ಸರಿಸಿದ ಕೈ ನನ್ನದೇ. ನೂರು ರೂಪಾಯಿಗಾಗಿ ನಾನು ಅಳಿಸಿದ್ದು ಏನನ್ನು? ಹತ್ತು ವರ್ಷದ ಹುಡುಗ ನಾಲಿಗೆ ಕಚ್ಚಿಕೊಂಡು, ಗುಂಡಗಿನ ಅಕ್ಷರಗಳಲ್ಲಿ ತನ್ನ ಹೆಸರು ಬರೆಯುತ್ತಿದ್ದಾಗ ಪಕ್ಕದಲ್ಲಿ ಕುಳಿತು ಶಾಯಿಬುಡ್ಡಿ ಹಿಡಿದಿದ್ದವನು ನಾನು. ಒಣಗುವವರೆಗೆ ಯಾರೂ ಮುಟ್ಟಬಾರದೆಂಬುದು ಅವನ ಕಟ್ಟಪ್ಪಣೆ.

ಹಣವನ್ನು ಅಂದೇ ಹಿಂದಿರುಗಿಸಿದೆ. ಪುಸ್ತಕ ನೀವೇ ಇಟ್ಟುಕೊಳ್ಳಿ ಎಂದರೂ ಅವರು ಒಪ್ಪಲಿಲ್ಲ. ವಾರದೊಳಗೆ ಅದು ಮರಳಿ ಬಂತು, ನಾನು ಮಾಡಿದ್ದಕ್ಕಿಂತ ಎಷ್ಟೋ ಅಚ್ಚುಕಟ್ಟಾದ ಕಟ್ಟಿನಲ್ಲಿ.

ಮರುದಿನ ಬೆಳಿಗ್ಗೆ ಉಳಿದ ಪುಸ್ತಕಗಳನ್ನೆಲ್ಲ ಜಗಲಿಯ ಬಿಸಿಲಿಗೆ ತಂದು, ಪ್ರತಿಯೊಂದರ ಬಲಮೂಲೆಯ ಚಿತ್ರವನ್ನೇ ಮೊದಲು ತೆಗೆದೆ. ವಿವರದಲ್ಲಿಯೂ ಅದನ್ನೇ ಮೊದಲು ಬರೆದೆ: ಮುಖಪುಟದ ಮೇಲೆ ಶಾಯಿಯಲ್ಲಿ ಹೆಸರು ಮತ್ತು ದಿನಾಂಕವಿದೆ. ಆಮೇಲೆ ತುಕ್ಕು, ಆಮೇಲೆ ಹುಳು, ಕಡೆಗೆ ಬೆಲೆ. ಬೆಲೆಗಳು ಇಳಿದವು, ನಿಜ. ಹುಬ್ಬಳ್ಳಿಯವರಿಗೂ ಆ ಚಿತ್ರಗಳನ್ನು ಕಳುಹಿಸಿದೆ. ನೋಡಿದ್ದಾರೆಂಬುದಕ್ಕೆ ಎರಡು ನೀಲಿ ಗೀಟುಗಳು ಬಂದವು. ಉತ್ತರ ಬರಲಿಲ್ಲ.

ಈವರೆಗೆ ಮಾರಾಟವಾದವು 71. ಅಂಚೆ, ರಟ್ಟು, ಪ್ಲಾಸ್ಟಿಕ್ ಎಲ್ಲ ಕಳೆದು ಉಳಿದದ್ದು 23,650 ರೂಪಾಯಿ. ಮೋಸಹೋದ 650ನ್ನು ನನ್ನ ಪಿಂಚಣಿಯಿಂದ ಭರಿಸಿದ್ದೇನೆ. ತಮ್ಮನ ಹೆಂಡತಿಗೆ ಅದನ್ನು ಹೇಳಿಲ್ಲ. ಮೊದಲ ವರ್ಷದ ಶುಲ್ಕದ ಒಂದು ಕಂತು ಇದರಿಂದ ತೀರಿತು, ಉಳಿದದ್ದಕ್ಕೆ ಸಾಲ ಮಾಡಿದೆವು. ಹುಡುಗಿ ಈಗ ಎರಡನೆಯ ವರ್ಷದಲ್ಲಿದ್ದಾಳೆ. ರಜೆಯಲ್ಲಿ ಬಂದಾಗ ಬಣ್ಣ ತೀಡಿದ ಆ ಬಹಾದ್ದೂರನನ್ನು ಕೈಗೆತ್ತಿಕೊಂಡು, ಬೆಳಕಿಗೆ ಓರೆಯಾಗಿ ಹಿಡಿದು, ಪೆನ್ನಿನ ಮೊನೆ ಕಾಗದದಲ್ಲಿ ಬಿಟ್ಟಿದ್ದ ತಗ್ಗಿನ ಗುರುತನ್ನು ಉಗುರಿನಿಂದ ಸವರಿದಳು. “ದೊಡ್ಡಪ್ಪ, ಅಪ್ಪನ ಹೆಸರು ಇನ್ನೂ ಓದಲಿಕ್ಕೆ ಆಗ್ತದೆ” ಎಂದಳು. ಅದು ಮಾರಾಟಕ್ಕಿಲ್ಲ.

ಉಳಿದ ನಲವತ್ತು ಪೆಟ್ಟಿಗೆಯಲ್ಲಿವೆ. ಮಳೆ ಹಿಡಿಯುವ ಮುನ್ನ ಹೊಸ ಬೇವಿನ ಎಲೆ ಹಾಕಬೇಕು. ಇದನ್ನು ಬರೆಯುತ್ತಿರುವಾಗಲೇ ಮೊಬೈಲು ಸದ್ದು ಮಾಡಿತು. ಯಾರೋ ಹೊಸಬರು, ಬಲಮೂಲೆಯ ಚಿತ್ರದ ಕೆಳಗೆ ಬರೆದಿದ್ದಾರೆ: “ಲಾಸ್ಟ್ ಪ್ರೈಸ್?”