ಹೆಲ್ಗೋಲ್ಯಾಂಡಿನ ಕೆಂಪು ಬಂಡೆಯ ಮೇಲೆ

ಕುಕ್ಸ್‌ಹಾಫನ್ ಬಂದರು ಬಿಟ್ಟ ಹಡಗು ಬೂದುಬಣ್ಣದ ಉತ್ತರ ಸಮುದ್ರವನ್ನು ಸೀಳುತ್ತಾ ಸಾಗಿದೆ. ಅಗೋ, ನೀರಿನ ನಡುವೆ ಕೆಂಪು ಗೋಡೆ! ಕೆಂಪು ಮರಳುಗಲ್ಲು, ನೆತ್ತಿಯಲ್ಲಿ ಹಸಿರು ಹುಲ್ಲು, ಬದಿಯಲ್ಲಿ ಬಿಳಿ ಮರಳು. ಹೆಲ್ಗೋಲ್ಯಾಂಡ್ ದ್ವೀಪದ ಬಾವುಟದಲ್ಲೂ ಇವೇ ಮೂರು ಬಣ್ಣ.

ಬನ್ನಿ, ಮೆಟ್ಟಿಲು ಹತ್ತಿ ಮೇಲಿನ ಊರಿಗೆ ಹೋಗೋಣ. ಕಾರುಗಳ ಸದ್ದಿಲ್ಲ, ಗಾಳಿಯದೇ ದರ್ಬಾರು. ಉಪ್ಪು ಹೊತ್ತ, ಪರಾಗ ಬಲು ಕಡಿಮೆಯಿರುವ ಗಾಳಿ. 1925ರ ಜೂನ್‌ನಲ್ಲಿ 23ರ ಹರೆಯದ ಭೌತವಿಜ್ಞಾನಿ ವರ್ನರ್ ಹೈಸನ್‌ಬರ್ಗ್ ಗಾಟಿಂಗೆನ್‌ನಿಂದ ಇಲ್ಲಿಗೆ ಓಡಿಬಂದದ್ದು ಇದಕ್ಕಾಗಿಯೇ. ಅಲರ್ಜಿಯಿಂದ ಅವರ ಮುಖ ಎಷ್ಟು ಊದಿತ್ತೆಂದರೆ, ಯಾರೊಂದಿಗೋ ಹೊಡೆದಾಡಿ ಬಂದಿರಬೇಕೆಂದು ಮನೆಯೊಡತಿ ಅಂದುಕೊಂಡಳಂತೆ.

ಬಂಡೆಯಂಚಿನ ಹಾದಿಯಲ್ಲಿ ಗ್ಯಾನೆಟ್ ಹಕ್ಕಿಗಳ ಕಲರವ ಕಿವಿ ತುಂಬುತ್ತದೆ, ಹಿಕ್ಕೆಯ ವಾಸನೆ ಮೂಗಿಗೆ ಅಡರುತ್ತದೆ. ಎದುರಿಗೆ ಸಮುದ್ರದಲ್ಲಿ ಒಂಟಿಯಾಗಿ ನಿಂತ 47 ಮೀಟರ್ ಎತ್ತರದ ಕಂಬ, ‘ಲಾಂಗೆ ಅನ್ನಾ’. ಇಲ್ಲಿ ಅಡ್ಡಾಡುತ್ತಾ ಆ ತರುಣ ಏನು ಯೋಚಿಸಿದ? ಎಲೆಕ್ಟ್ರಾನಿನ ಕಕ್ಷೆಯನ್ನು ಯಾರೂ ಕಂಡಿಲ್ಲ. ಕಾಣುವುದು ಪರಮಾಣು ಸೂಸುವ ಬೆಳಕು ಮಾತ್ರ. ಬೆಳಕಿನ ಪ್ರತಿ ರೇಖೆಯೂ ಎರಡು ಸ್ಥಿತಿಗಳಿಗೆ ಸೇರಿದ್ದು: ಹೊರಟದ್ದು ಎಲ್ಲಿಂದ, ತಲುಪಿದ್ದು ಎಲ್ಲಿಗೆ. ಹಾಗಾಗಿ ಸಂಖ್ಯೆಗಳು ಕೋಷ್ಟಕವಾಗಿ ಹರಡಿಕೊಂಡವು. ಎರಡು ಕೋಷ್ಟಕಗಳನ್ನು ಗುಣಿಸುವಾಗ ನಡುವೆ ಹಾದುಹೋಗಬಹುದಾದ ಎಲ್ಲ ಸ್ಥಿತಿಗಳ ಗುಣಲಬ್ಧಗಳನ್ನೂ ಕೂಡಿಸಬೇಕು. ಆಗ ಒಂದು ವಿಚಿತ್ರ ಎದುರಾಯಿತು: ಗುಣಿಸುವ ಕ್ರಮ ಬದಲಾದರೆ ಉತ್ತರವೂ ಬದಲು!

ಇದು ಅವರನ್ನು ಕಾಡಿತು. ಆದರೂ ಒಂದು ರಾತ್ರಿ, ಸುಮಾರು ಮೂರು ಗಂಟೆಗೆ, ಶಕ್ತಿಯ ಲೆಕ್ಕ ಸರಿಯಾಗಿ ಕೂಡಿಬಂತು. ನಿದ್ದೆ ಎಲ್ಲಿಯದು? ದ್ವೀಪದ ದಕ್ಷಿಣ ತುದಿಯ ಬಂಡೆಯೊಂದನ್ನು ಹತ್ತಿ ಸೂರ್ಯೋದಯಕ್ಕೆ ಕಾದರು. ಅಲ್ಲಿಗೆ ಹೋಗಬೇಕೆಂಬ ಆಸೆ ನಮಗೂ ಇದೆ. ಆದರೆ 1947ರ ಏಪ್ರಿಲ್ 18ರಂದು ಬ್ರಿಟಿಷರು ಇಲ್ಲಿನ ಯುದ್ಧನೆಲೆಗಳನ್ನು ನೆಲಸಮ ಮಾಡಲು ಸಾವಿರಾರು ಟನ್ ಸ್ಫೋಟಕ ಸಿಡಿಸಿದಾಗ ಆ ತುದಿಯೇ ಕುಸಿಯಿತು.

ಇನ್ನು ಗಾಟಿಂಗೆನ್. ಅಂಥ ಕೋಷ್ಟಕಗಳನ್ನು ಗಣಿತದಲ್ಲಿ ಮ್ಯಾಟ್ರಿಕ್ಸ್ ಎನ್ನುತ್ತಾರೆ; ಹೈಸನ್‌ಬರ್ಗ್‌ಗೆ ಮ್ಯಾಟ್ರಿಕ್ಸ್ ಎಂದರೇನೆಂದೇ ಗೊತ್ತಿರಲಿಲ್ಲ. ಅವರ ಲೇಖನ ಓದಿದ ಅಲ್ಲಿನ ಪ್ರಾಧ್ಯಾಪಕ ಮ್ಯಾಕ್ಸ್ ಬಾರ್ನ್‌ಗೆ, ಬ್ರೆಸ್ಲಾವ್‌ನಲ್ಲಿ ಗುರು ರೋಸಾನೆಸ್ ಕಲಿಸಿದ್ದ ಮ್ಯಾಟ್ರಿಕ್ಸ್ ಬೀಜಗಣಿತ ನೆನಪಾಯಿತು. 22ರ ಪಾಸ್ಕುವಲ್ ಯೋರ್ಡಾನ್‌ರನ್ನು ಜೊತೆಗೂಡಿಸಿಕೊಂಡು ಸೆಪ್ಟೆಂಬರ್ ಹೊತ್ತಿಗೆ ಗಣಿತಕ್ಕೆ ಗಟ್ಟಿ ರೂಪ ಕೊಟ್ಟರು. ನವೆಂಬರ್‌ನಲ್ಲಿ ಮೂವರೂ ಸೇರಿ ಬರೆದ ಲೇಖನ ಸಿದ್ಧವಾಯಿತು.

ನಗರದ ಸ್ಮಶಾನದ ಮರಗಳ ನೆರಳಲ್ಲಿ ಬಾರ್ನ್ ಅವರ ಸಮಾಧಿಕಲ್ಲು ಇದೆ. ಅದರ ಮೇಲೆ ಕೆತ್ತಿದ್ದು ಅದೇ ವಿಚಿತ್ರ: ಸಂವೇಗ, ಸ್ಥಾನಗಳನ್ನು ಎರಡೂ ಕ್ರಮದಲ್ಲಿ ಗುಣಿಸಿ ಕಳೆದರೆ ಸೊನ್ನೆಯಲ್ಲ, ಪ್ಲ್ಯಾಂಕ್ ಸ್ಥಿರಾಂಕವುಳ್ಳ ಒಂದು ಮೊತ್ತ ಉಳಿಯುತ್ತದೆ. ಹೆಸರು ಬಂದದ್ದು ಹೆಚ್ಚಾಗಿ ಹೈಸನ್‌ಬರ್ಗ್‌ಗೆ. ಆದರೆ ಈ ಸಾಲು ಬಾರ್ನ್‌ರದು ಎಂದೇ ನನ್ನ ನಂಬಿಕೆ. ಯಹೂದಿ ಎಂಬ ಕಾರಣಕ್ಕೆ 1933ರಲ್ಲಿ ಹುದ್ದೆ ಕಳೆದುಕೊಂಡ ಈ ದೊಡ್ಡ ಮನುಷ್ಯ, 1935-36ರಲ್ಲಿ ಸಿ.ವಿ. ರಾಮನ್‌ರ ಕರೆಗೆ ಓಗೊಟ್ಟು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ತಿಂಗಳು ಕಳೆದಿದ್ದರು.

ಆ ಸ್ಥಿರಾಂಕಕ್ಕೆ ಹೆಸರಾದ ಪ್ಲ್ಯಾಂಕ್ ಕೂಡ ಇದೇ ಸ್ಮಶಾನದಲ್ಲಿದ್ದಾರೆ. ಅವರ ಕಲ್ಲಿನ ಬುಡದಲ್ಲಿ ಆ ಸ್ಥಿರಾಂಕದ ಬೆಲೆಯನ್ನೇ ಕೆತ್ತಿದ್ದಾರೆ. ನಡೆಯಿರಿ, ಅದನ್ನೂ ನೋಡಿಬರೋಣ.