ಕಾಲಿನ ಕಾಲು ವೀಸ

2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದಮೇಲೆ ಶಾಲೆಗಳಲ್ಲಿ ‘ಭಾರತೀಯ ಜ್ಞಾನ ಪರಂಪರೆ’ಯ ಮಾತು ಜೋರಾಗಿದೆ. ಬೇಗಂಪೇಟೆಯ ನಮ್ಮ ಮನೆಗೆ ಅದು ಬಂದದ್ದು ಚಾರ್ಟ್ ಪೇಪರಿನ ರೂಪದಲ್ಲಿ: ಆರ್ಯಭಟನ ಚಿತ್ರ ಪ್ರಿಂಟ್ ತೆಗೆದು ಅಂಟಿಸಬೇಕು, ಕೆಳಗೆ ಇಂಗ್ಲಿಷಿನಲ್ಲಿ ಐದು ಸಾಲು. ಐದನೇ ಕ್ಲಾಸಿನ ಮಗಳು ಹತ್ತು ನಿಮಿಷದಲ್ಲಿ ಮುಗಿಸಿದಳು. ಅದೇ ವಾರ ಭಿನ್ನರಾಶಿ ಲೆಕ್ಕ ಬಾರದೆ ಅತ್ತಳು.

ಬಳ್ಳಾರಿಯಿಂದ ಬಂದಿದ್ದ ಅಮ್ಮ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಮುಕ್ಕಾಲು ಮಗ್ಗಿ ಶುರುಮಾಡಿದರು. ನಾಲ್ಕು ಮುಕ್ಕಾಲು ಮೂರು, ಎಂಟು ಮುಕ್ಕಾಲು ಆರು. ಆಮೇಲೆ, “ಕಾಲಿನಾಗ ಕಾಲು ವೀಸ ಆತು ನೋಡವ್ವ, ಹದಿನಾರರಾಗ ಒಂದು” ಎಂದರು. ನಾಲ್ಕರಿಂದ ನಾಲ್ಕರಿಂದ ಒಡೆಯುತ್ತ ಹೋಗುವ ಈ ಲೆಕ್ಕ, ದಿನವಿಡೀ ಎರಡರ ಘಾತಗಳ ಜೊತೆ ಬದುಕುವ ನಮ್ಮಂಥ ಕಂಪ್ಯೂಟರ್ ಜನಕ್ಕೆ ಹತ್ತಿರದ ನೆಂಟ!

ಇದು ಅಮ್ಮನ ಸ್ವಂತ ಉಪಾಯವೇನಲ್ಲ. ಮದ್ರಾಸ್ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಊರೂರಿನ ಶಾಲೆಗಳ ಲೆಕ್ಕ ಕೇಳಿದಾಗ, ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ ಮರುವರ್ಷ ಕೊಟ್ಟ ವರದಿಯಲ್ಲಿ ಇದೇ ಭಿನ್ನರಾಶಿಗಳಿವೆ. ಧರಂಪಾಲ್ ಅವರ ‘ದಿ ಬ್ಯೂಟಿಫುಲ್ ಟ್ರೀ’ ಪುಸ್ತಕದಲ್ಲಿ ಪೂರ್ತಿ ವರದಿ ಸಿಗುತ್ತದೆ. ಆಗಿನ ಜಿಲ್ಲೆಯಲ್ಲಿ ಅನಂತಪುರವೂ ಸೇರಿತ್ತು. 533 ಶಾಲೆಗಳಲ್ಲಿ ಕನ್ನಡದವು 235, ತೆಲುಗಿನವು 226. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ದಿನಕ್ಕೆ ಎರಡು ಸಲ ಸಾಲಾಗಿ ನಿಂತು ಮಗ್ಗಿ ಒಪ್ಪಿಸುತ್ತಿದ್ದರು. ಹೇಳಿಕೊಡುವವನು ಅವರಿಗಿಂತ ಮುಂದಿರುವ ಹುಡುಗ. ಕಲಿಸುತ್ತ ಕಲಿಸುತ್ತ ಅವನ ಪಾಠವೂ ಗಟ್ಟಿಯಾಗುತ್ತದೆಂದು ಕ್ಯಾಂಬೆಲ್ ಮೆಚ್ಚಿ ಬರೆದಿದ್ದಾನೆ. ಇಂಗ್ಲೆಂಡ್ ಈ ಪದ್ಧತಿಯನ್ನು ಇಲ್ಲಿಂದಲೇ ಒಯ್ದಿತ್ತು.

ಇಷ್ಟನ್ನೇ ಹೇಳಿ ಎದೆಯುಬ್ಬಿಸುವವರನ್ನು ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ದಿನಾ ನೋಡುತ್ತೇನೆ. ವರದಿಯಲ್ಲಿ ಉಳಿದದ್ದೂ ಇದೆ. ತಡವಾಗಿ ಬಂದವನಿಗೆ ಬಂದ ಕ್ರಮದಲ್ಲಿ ಬೆತ್ತದೇಟು. ಪದ್ಯಗಳನ್ನು ಅರ್ಥ ತಿಳಿಯದೆ ಗಿಳಿಪಾಠ ಮಾಡುವುದು. ಓದುತ್ತಿದ್ದ 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು 60. ಆ ಕಾಲದಲ್ಲಾಗಿದ್ದರೆ ನನ್ನ ಮಗಳು ಮುಕ್ಕಾಲು ಮಗ್ಗಿಯನ್ನು ಶಾಲೆಯ ಗೋಡೆಯಾಚೆ ನಿಂತು ಕೇಳಬೇಕಿತ್ತು, ಕೇಳಲು ಬಿಟ್ಟಿದ್ದರೆ. ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಮಗಳಿಗಂತೂ ಆ ಗೋಡೆಯ ಹತ್ತಿರವೂ ಜಾಗ ಸಿಗುತ್ತಿರಲಿಲ್ಲವೇನೋ.

ಅವಳು ಸರ್ಕಾರಿ ಶಾಲೆಯಲ್ಲಿ ಎಂಟನೇ ಕ್ಲಾಸು. ನನ್ನ ಮಗಳಿಗೆ ತೆಲುಗು ತಿದ್ದಿಸುತ್ತಿರುವುದು ಅವಳೇ. ತಿಂಗಳಿಗೆ ಎರಡು ಸಾವಿರ ಕೊಟ್ಟ ಟ್ಯೂಷನ್ನಿನಿಂದ ಆಗದ್ದು ಆರು ವಾರದಲ್ಲಿ ಆಯಿತು. ಪಾರ್ಕಿಂಗಿನಲ್ಲಿ ಚಾಪೆ ಹಾಕಿಕೊಂಡು, ತಲಕಟ್ಟು ಕನ್ನಡದಲ್ಲಿ ಹೀಗೆ, ತೆಲುಗಿನಲ್ಲಿ ಹೀಗೆ ಎಂದು ಇಬ್ಬರೂ ಪಕ್ಕಪಕ್ಕ ಬರೆಯುತ್ತಾರೆ. “ಅವಳು ಏನು ಕಲಿಸ್ತಾಳೆ? ಒಳ್ಳೆ ಟೀಚರನ್ನ ಇಡಬಾರದಾ?” ಎಂದು ಮೂರನೇ ಮಹಡಿಯವರೊಬ್ಬರು ನನ್ನ ಹೆಂಡತಿಯನ್ನು ಕೇಳಿದರು. ಅಸೋಸಿಯೇಷನ್ ಮೀಟಿಂಗಿನಲ್ಲಿ ಚಾಪೆಯ ವಿಷಯವೂ ಎದ್ದಿತು. ಭಾರತೀಯ ಪರಂಪರೆಯ ಚಾರ್ಟಿಗೆ ಥರ್ಮಾಕೋಲ್ ತರಲು ಸಿಕಂದರಾಬಾದ್‌ವರೆಗೆ ಹೋಗಿದ್ದವರೂ ಅವರೇ. ಜಗಳಕ್ಕೆ ಹೋಗಲಿಲ್ಲ, ಚಾಪೆ ತೆಗೆಯಲೂ ಇಲ್ಲ.

ಈಗ ಐದು ಮಕ್ಕಳು ಬರುತ್ತಾರೆ. ಮಗಳು ಅಜ್ಜಿಯ ಮಗ್ಗಿಯನ್ನು ಅವಳಿಗೆ ಹೇಳಿಕೊಟ್ಟಿದ್ದಾಳೆ. ಮುಕ್ಕಾಲು ಅವರಲ್ಲಿ ಮುಪ್ಪಾವು. ವೀಸ ಮಾತ್ರ ವೀಸಂ.